ಕೆಮ್ಮಿ ನಗಿಸಿದವನು

ನಾಟಕ ಕಂಪನಿಯ ಆ ಹಾಸ್ಯನಟನನ್ನು ಊರೆಲ್ಲ ‘ಕೆಮ್ಮಣ್ಣ’ ಎಂದೇ ಕರೆಯುತ್ತಿತ್ತು. ಕ್ಷಯ ಹಿಡಿದ ಮುದುಕ ಹೆಣ್ಣು ನೋಡಲು ಹೋಗುವ ಪ್ರಸಂಗ ಅವನದು. ಹುಡುಗಿಯ ಹೆಸರು ಕೇಳಲು ಬಾಯಿ ತೆರೆದರೆ ಸಾಕು, ಕೆಮ್ಮು ಒತ್ತರಿಸಿಕೊಂಡು ಬರಬೇಕು. ಹೆಣ್ಣಿನ ಕಡೆಯವರು ಮೂಗಿಗೆ ಬಟ್ಟೆ ಹಿಡಿದು ಕುರ್ಚಿ ಸಮೇತ ಹಿಂದೆ ಸರಿಯಬೇಕು. ಜನ ಬಿದ್ದು ಬಿದ್ದು ನಗುತ್ತಿದ್ದರು. ‘ಒನ್ಸ್ ಮೋರ್’ ಎಂದರೆ ಮತ್ತೊಮ್ಮೆ ಕೆಮ್ಮುತ್ತಿದ್ದ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೂ, “ಏನ್ರೀ, ಹೆಣ್ಣು ನೋಡೋಕೆ ಹೊರಟ್ರಾ?” ಎಂದು ಕಿಚಾಯಿಸುವುದು ರೂಢಿಯಾಗಿತ್ತು.

ತಬ್ಬಲಿಯಾದ ಅವನನ್ನು ಸಾಕಿದವಳು ಅಕ್ಕ. ರಂಗದ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕಂಪನಿಯ ಉಡುಪು ಹೊಲಿಯುತ್ತಿದ್ದಳು. ಬರಬರುತ್ತ ಸೊರಗಿ ಕಡ್ಡಿಯಾದಳು. ಕೇಳಿದರೆ, “ಕೆಲಸ ಜಾಸ್ತಿ ಕಣೋ” ಅನ್ನುವಳು. ಕೆಮ್ಮು ಬಂದಾಗಲೆಲ್ಲ ಅದು ಕೇಳಿಸದಂತೆ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳೆಂದು ಅವನಿಗೆ ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನ ರಾಜನ ಪಾತ್ರದ ನಿಲುವಂಗಿಯ ಒಳಬಟ್ಟೆಯ ಮೇಲೆ ರಕ್ತ ಕಂಡಿತು.

“ಇದೇನಕ್ಕಾ?”

“ಸೂಜಿ ಚುಚ್ಚಿತು” ಎನ್ನುವಷ್ಟರಲ್ಲಿ ಕೆಮ್ಮು ಅವಳನ್ನು ಮುರುಟಿಸಿಬಿಟ್ಟಿತು.

“ಆಸ್ಪತ್ರೇಲಿ ಪುಕ್ಕಟೆ ಔಷಧಿ ಕೊಡ್ತಾರೆ ಅಂತ ಊರೆಲ್ಲ ಸಾರ್ತಿದಾರೆ. ಯಾಕಕ್ಕಾ ಹೋಗ್ಲಿಲ್ಲ?”

“ಬೀದಿಗೆ ಕಾಣೋ ಹಾಗೆ ಸಾಲು ನಿಲ್ಲಬೇಕು. ನೋಡಿದವರು ನಗಲ್ವೇನೋ?” ಅವಳು ಮುಖ ತಿರುಗಿಸಿದಳು. “ಅಷ್ಟು ಚೆನ್ನಾಗಿ ಕಲಿಸಿದೀಯಲ್ಲ ಅವರಿಗೆ.”

ಮರುದಿನ ಹೊತ್ತುಕೊಂಡೇ ಹೋದ. ಕಾಲ ಮಿಂಚಿತ್ತು. ಅಕ್ಕ ಆಸ್ಪತ್ರೆಯಿಂದ ಹಿಂದಿರುಗಲಿಲ್ಲ.

ಮತ್ತೆ ರಂಗಕ್ಕೆ ಬಂದಾಗ ಅವನಿಂದ ಕೆಮ್ಮಲಾಗಲಿಲ್ಲ. ಜನ ಕೂಗಿದರು, ಶಿಳ್ಳೆ ಹೊಡೆದರು. “ಕೆಮ್ಮದ ಕೆಮ್ಮಣ್ಣನನ್ನ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?” ಎಂದು ಮಾಲೀಕರು ಕೈಬಿಟ್ಟರು. ಮನೆಮನೆಗೆ ಟೀವಿ ಬಂದ ಮೇಲೆ ಕಂಪನಿಯೂ ಮುಚ್ಚಿತು.

ಪರಿಚಿತ ಮುಖವಿದ್ದರೆ ರೋಗಿಗಳ ಹೆದರಿಕೆ ಹೋದೀತೆಂದು ಕ್ಷಯದ ಆಸ್ಪತ್ರೆಯ ಡಾಕ್ಟರು ಅವನನ್ನು ಬಾಗಿಲ ಬಳಿ ಕೂರಿಸಿದರು. ಮೊದಲ ದಿನವೇ ಹೆಂಗಸೊಬ್ಬಳು ಗೇಟಿನ ತನಕ ಬಂದು, ಅವನನ್ನು ಕಂಡು ತಟ್ಟನೆ ನಿಂತಳು.

“ಬನ್ನಿ ತಾಯಿ, ಹೆದರ್ಬೇಡಿ.”

“ನನ್ನ ಕೆಮ್ಮನ್ನೂ ನಾಟಕಕ್ಕೆ ಹಾಕ್ತೀರಾ?” ಎಂದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡು ಹಿಂದಿರುಗಿದಳು. ಅವನು ಎದ್ದುಬಿದ್ದು ಓಡಿದ. ಬೀದಿಯ ಗದ್ದಲದಲ್ಲಿ ಆಕೆ ಎಲ್ಲೋ ಕರಗಿಹೋಗಿದ್ದಳು.

“ನನ್ನನ್ನ ಹಿಂದುಗಡೆ ಎಲ್ಲಾದ್ರೂ ಹಾಕಿ ಸ್ವಾಮಿ” ಎಂದು ಡಾಕ್ಟರ ಮುಂದೆ ಕೈಮುಗಿದ. ಅಂದಿನಿಂದ ಹಿತ್ತಲ ನಲ್ಲಿಯ ಹತ್ತಿರ ರೋಗಿಗಳು ಉಗುಳುವ ತಟ್ಟೆಗಳನ್ನು ತೊಳೆಯತೊಡಗಿದ. ಸಂಜೆ ಮನೆಗೆ ಹೊರಡುವಾಗ ನರ್ಸಮ್ಮನನ್ನು ಕೇಳುತ್ತಿದ್ದ: “ಆವತ್ತು ಗೇಟಿಂದ ವಾಪಸ್ ಹೋದ ಆ ತಾಯಿ ಬಂದಿದ್ರಾ?”

ಬಂದಿರಲಿಲ್ಲ. ಬರಲೂ ಇಲ್ಲ.