ಬೆರಳು ಹೋಗದ ಜಾಗದ ಎಂಜಿನ್

ವಿಮಾನದ ಬಾಲ ಹಿಡಿದುಕೊಂಡು, ಮಣ್ಣಲ್ಲಿ ಮೊಣಕಾಲೂರಿ ಯಾವತ್ತಾದರೂ ಅತ್ತಿದ್ದೀರಾ? ಕಳೆದ ಭಾನುವಾರ ಬೆಳಿಗ್ಗೆ, ಗೊರೇಬಾಳದ ಹತ್ತಿರ ಭತ್ತದ ರಾಶಿ ಮುಗಿದ ಕಣದಲ್ಲಿ, ನಾನು ಅತ್ತೆ. (ಅಳುವ ಅತ್ತೆ. ನಮ್ಮ ಅತ್ತೆಯವರು ಸಿಂಧನೂರಿನ ಮನೆಯಲ್ಲಿ ಆರಾಮಾಗಿದ್ದಾರೆ.)

ಹೌಹಾರಬೇಡಿ. ಇದು ರಿಮೋಟ್‌ನಿಂದ ಹಾರುವ, ನಾಲ್ಕಡಿ ರೆಕ್ಕೆಯ ಮಾಡೆಲ್. ಮಾಡಿದವನು ನಮ್ಮಣ್ಣ ಆನಂದ. ಮಸ್ಕಿಯಲ್ಲಿ ಹೈಸ್ಕೂಲ್ ಡ್ರಾಯಿಂಗ್ ಮಾಸ್ತರ. ಒಳಗಿರೋದು ಕಿತ್ತಳೆ ಹಣ್ಣಿನಷ್ಟು ಎಂಜಿನ್, ಸದ್ದು ಮಾತ್ರ ಟ್ರ್ಯಾಕ್ಟರಿನ ತಮ್ಮನದು.

ಅದನ್ನು ಸ್ಟಾರ್ಟ್ ಮಾಡೋದೇ ದೊಡ್ಡ ಕತೆ. ಪ್ಲಗ್ಗಿಗೆ ಬ್ಯಾಟರಿಯ ಕ್ಲಿಪ್ ಹಾಕಿ ಕಾಯಿಸಬೇಕು. ಮೂತಿಯ ಮುಂದಿನ ಫ್ಯಾನ್ ತಿರುವಬೇಕು. ಎಂಜಿನ್ ಹತ್ತಿಕೊಂಡ ಮೇಲೆ ಕ್ಲಿಪ್ ಕೀಳಬೇಕು. ಆದರೆ ಅಣ್ಣನಿಗೆ ತನ್ನ ವಿಮಾನ ಥೇಟ್ ಅಸಲಿ ಥರ ಕಾಣಬೇಕಲ್ಲ? ಎಂಜಿನ್ನನ್ನು ಮೂತಿಯೊಳಗೆ ತಲೆಕೆಳಗಾಗಿ ಕೂರಿಸಿ ಮುಚ್ಚಿಬಿಟ್ಟಿದ್ದ. ಪ್ಲಗ್ ಮುಟ್ಟಲು ಎರಡು ಬೆರಳಿನ ತೂತು. ಅದೂ ಗಿರ್ರನೆ ತಿರುಗುವ ಫ್ಯಾನಿನ ಹಿಂದೆಯೇ.

ಎಂಜಿನ್ ಹತ್ತಿದೊಡನೆ ವಿಮಾನ ಓಡಿಬಿಡದಂತೆ ಹೋದ ವರ್ಷವೂ ಬಾಲ ಹಿಡಿದವಳು ನಾನೇ. ಒಂದು ಸುತ್ತು ಹಾರಿಸಿ, ಸಾಕು ಅಂತ ಅಣ್ಣ ಕೈ ಒರೆಸಿಕೊಂಡ. “ಇನ್ನೊಂದ್ ಸಲ ಅಣ್ಣಾ” ಅಂದೆ. ಎಂಜಿನ್ ಹತ್ತಿತು, ಕ್ಲಿಪ್ ಕೀಳಲು ಹೋದ ಅಣ್ಣನ ಬಲಗೈ ಫ್ಯಾನಿಗೆ ಸಿಕ್ಕಿತು.

ಬೆರಳು ಉಳಿದವು. ಆದರೆ ಎರಡು ಬೆರಳು ಮಡಚೋದೇ ಇಲ್ಲ. ಬೋರ್ಡಿನ ಮೇಲೆ ಒಂದೇ ಏಟಿಗೆ ಗುಂಡನೆಯ ಸೊನ್ನೆ ಎಳೆಯುತ್ತಿದ್ದ ಕೈ ಅದು.

ಸುಜಾತಾ ವೈನಿ (ಅಣ್ಣನ ಹೆಂಡತಿ) ವಿಮಾನವನ್ನು ಹಳೇ ಸೀರೆಯಲ್ಲಿ ಸುತ್ತಿ ಸಜ್ಜಾ ಮೇಲೇರಿಸಿದರು. ಅಣ್ಣ ಎಡಗೈಯಲ್ಲಿ ಬರೆಯಲು ಕಲಿತ. ನಾನು ಮಸ್ಕಿಗೆ ಹೋದಾಗಲೆಲ್ಲ ಅವನ ಕೈ ನೋಡದೇ ಚಹಾ ಕುಡಿದು ಬರುತ್ತಿದ್ದೆ. ‘ಇನ್ನೊಂದ್ ಸಲ’ ಅಂದದ್ದು ನಾನು ಅಂತ ವೈನಿಗೆ ಹೇಗೆ ಹೇಳಲಿ?

ಮೊನ್ನೆ ಅವರದೇ ಫೋನ್. “ಭಾನುವಾರ ಬಾ. ವಿಮಾನ ಹಾರಿಸೋದೈತಿ.”

“ಏನಂದ್ರಿ?”

“ನಿಮ್ಮಣ್ಣ ಮಾಳಿಗಿ ಮ್ಯಾಲ ಹದ್ದು ನೋಡಕೋತ ಕುಂದರ್ತಾರ. ಕುಂತಲ್ಲೇ ಎರಡೂ ಹೆಬ್ಬಟ್ಟು ಅಲಗತಾವ, ರಿಮೋಟ್ ಹಿಡದಂಗ. ನನಗ ನೋಡಾಕ ಆಗವಲ್ದು.”

ವೈನಿ ಲಿಂಗಸುಗೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬ್ ಅಟೆಂಡರ್. ವೈರು, ಕ್ಲಿಪ್ಪು, ಸಾಕೆಟ್ಟು ಅವರ ದಿನದ ಕೆಲಸ. ಕಣದಲ್ಲಿ ನೋಡುತ್ತೇನೆ, ಪ್ಲಗ್ಗಿನಿಂದ ಎರಡು ವೈರ್ ಹೊರಗೆಳೆದು, ರೆಕ್ಕೆಯ ಹಿಂದೆ ಪುಟ್ಟ ಸಾಕೆಟ್ ಕೂರಿಸಿದ್ದಾರೆ! ಬ್ಯಾಟರಿ ಅಲ್ಲೇ ಚುಚ್ಚಿ ಅಲ್ಲೇ ಕೀಳೋದು. ತೂತಿಗೆ ಕೈ ಹಾಕುವ ಮಾತೇ ಇಲ್ಲ. ಫ್ಯಾನ್ ತಿರುವಲು ರಬ್ಬರ್ ಸುತ್ತಿದ ಕೋಲು.

ಬಾಲ ಹಿಡಿದೆ. ಹೇಳದೇ ತಡೆಯಲಾಗಲಿಲ್ಲ. “ವೈನಿ, ಅವತ್ತು ಇನ್ನೊಂದ್ ಸಲ ಅಂದಾಕಿ ನಾನೇ.”

“ದವಾಖಾನ್ಯಾಗ ನೀನ ಅಳಕೋತ ಹತ್ತು ಸಲ ಹೇಳೀದಿ. ಮರತೀ ಏನು? ಬಾಲ ಗಟ್ಟಿ ಹಿಡಿ.”

ಅಳು ಬಂದದ್ದು ಆಗ. ವರ್ಷಪೂರ್ತಿ ನಾನು ಬಚ್ಚಿಟ್ಟುಕೊಂಡಿದ್ದು ಅವರಿಗೆ ಮೊದಲ ದಿನವೇ ಗೊತ್ತಿತ್ತು.

ಅಣ್ಣನ ಕೋಲು ಗಾಳಿಯಲ್ಲೇ ನಿಂತಿತು. “ಹೊಡೀರಿ, ನಾ ಅದೀನಿ” ಅಂದರು ವೈನಿ. ಒಂದು ಏಟು: ಫಟ್. ಎರಡನೆಯದಕ್ಕೆ ಅದೂ ಇಲ್ಲ. ವೈನಿ ಸಾಕೆಟ್ಟಿನಲ್ಲಿ ಬ್ಯಾಟರಿಯ ಪಿನ್ ಒತ್ತಿ ಕೂರಿಸಿದರು. ಮೂರನೆಯದಕ್ಕೆ ಎಂಜಿನ್ ಕಿರುಚಿಕೊಂಡು ಎದ್ದಿತು. ವೈನಿ ನಿಧಾನಕ್ಕೆ ಬ್ಯಾಟರಿ ಕಿತ್ತು, ಎರಡೂ ಕೈ ಮೇಲೆತ್ತಿ ಅಣ್ಣನಿಗೆ ತೋರಿಸಿದರು. ಹತ್ತೂ ಬೆರಳು.

ವಿಮಾನ ಏರಿತು, ಕಾಲುವೆ ದಾಟಿ ಸುತ್ತು ಹಾಕಿತು. ಇಳಿಯುವಾಗ ಗದ್ದೆಯ ಕೂಳೆಗೆ ಮೂತಿ ಚುಚ್ಚಿಕೊಂಡು ಒಂದು ಗಾಲಿ ಮುರಿಯಿತು. ಅಣ್ಣ ಜೋರಾಗಿ ನಕ್ಕ. ಆ ನಗೆ ಕೇಳಿ ವರ್ಷವಾಗಿತ್ತು.

ಗಾಡಿಯಲ್ಲಿ ವಾಪಸ್ ಬರುವಾಗ ಕೇಳಿದೆ. “ಇಷ್ಟು ಸಲೀಸಿತ್ತಂದ್ರ, ಮೊದಲ ಯಾಕ ಹೇಳಲಿಲ್ಲ ವೈನಿ?”

ಅವರು ಕಿಟಕಿಯಾಚೆ ನೋಡುತ್ತಲೇ ಅಂದರು. “ಹಾರಿಸೋದು ಬ್ಯಾಡ ಅಂತ ನಾ ಅಂದಾಗೆಲ್ಲ, ಅಂಜುಬುರುಕಿ ಅಂತ ಅಣ್ಣ-ತಂಗಿ ಕೂಡಿ ನಕ್ರಿ. ಎದಕ್ಕ ಅಂಜತೀ ಅಂತ ಒಬ್ಬರಾದ್ರೂ ಕೇಳಿದ್ರೇನು?”