ಅಂಗಾಲಿನ ಬಾವು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕೋರ್ಟಿನ ಪಡಸಾಲೆಯಲ್ಲಿ ತಮ್ಮನ ಕಾಲು ಮುಟ್ಟಿದ್ದು ಅವ್ವನೋ ನಾನೋ ಎಂಬುದು ಈಗ ನನಗೆ ಖಚಿತವಿಲ್ಲ. ಅವ್ವ ತಾನೇ ಎನ್ನುತ್ತಾಳೆ. ನನ್ನ ಬೆರಳಿಗೆ ಜಿಡ್ಡು ಅಂಟಿದ ನೆನಪು ನನಗಿದೆ. ಆಗಲೂ ನಾನು ದಿನಚರಿ ಬರೆಯುತ್ತಿದ್ದೆ, ಆದರೆ ಆ ದಿನಗಳಲ್ಲಿ ಒಂದು ಸಾಲೂ ಬರೆದಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡವರು ಹೇಳಿದ್ದನ್ನೂ ಅನುಮಾನದಿಂದ ನೋಡಬೇಕೆಂದು ಕಲಿಸಿದ್ದರು. ಆ ಪಾಠ ನನ್ನ ಮೇಲೇ ತಿರುಗಿ ಬಿದ್ದಿದೆ. ನಾನು ಅನುಮಾನಿಸಲಾರದ್ದು ಒಂದೇ, ಆ ವಾಸನೆ. ಬೆಳ್ಳುಳ್ಳಿ, ಕರ್ಪೂರ, ಹೊತ್ತಿದ ಎಳ್ಳೆಣ್ಣೆ, ಅದರ ಅಡಿಯಲ್ಲಿ ಯಾವುದೋ ಕಹಿ ಬೇರು. ಆ ಎಣ್ಣೆಯನ್ನು ಕಾಯಿಸುತ್ತಿದ್ದವನು ನಮ್ಮ ಕಾಕಾ ಒಬ್ಬನೇ.

ಕಾಕಾ ಅಪ್ಪನ ತಮ್ಮ. ನಾವು ಹತ್ತಿ ಹಿಂಜುವ ಪಿಂಜಾರರು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅಪ್ಪನದು ಗಾದಿ ಹೊಲಿಯುವ ಅಂಗಡಿ. ಕಾಕಾ ಕುರುಗೋಡಿನಲ್ಲೇ ಉಳಿದವನು. ಹರೆಯದಲ್ಲಿ ಗರಡಿಮನೆಯಲ್ಲಿ ಕುಸ್ತಿ ಮಾಡಿದ್ದ. ಆಮೇಲೆ ಪೈಲ್ವಾನರಿಗೆ ಎಣ್ಣೆ ತಿಕ್ಕುತ್ತ, ಉಳುಕು ತೆಗೆಯುತ್ತ, ಎಲುಬು ಕೂಡಿಸುತ್ತ ಸುತ್ತ ಹಳ್ಳಿಗಳಲ್ಲೆಲ್ಲ ಹೆಸರಾದ. “ಡಾಕ್ಟರ ಕೈಯಾಗ ಕೊಟ್ರ ಕಾಲಿಗೆ ಸಿಮೆಂಟು ಮೆತ್ತತಾನ. ನನ್ನ ಕೈಯಾಗ ಕೊಡ್ರಿ, ಕುಣಿಸಿ ಕಳಸ್ತೀನಿ” ಅನ್ನುತ್ತಿದ್ದ. ನಮ್ಮಲ್ಲಿ ಯಾರು ಬಿದ್ದರೂ ಅವ್ವ ಮೊದಲು ಕೂಗುತ್ತಿದ್ದದ್ದು ಅವನನ್ನೇ.

ಅದು ಗಣಿಯ ಕಾಲ. ಅದಿರಿನ ಲಾರಿಗಳು ಹಾದುಹೋಗಿ ಹೋಗಿ, ಬೆಳಿಗ್ಗೆ ಬಿಡಿಸಿಟ್ಟ ಹತ್ತಿ ಸಂಜೆಯೊಳಗೆ ಕೆಂಪಗಾಗುತ್ತಿತ್ತು. ಹೊಸ ಬಂಗಲೆ ಕಟ್ಟಿಸಿದವರಿಗೆ ಹತ್ತಿಯ ಗಾದಿ ಬೇಡವಾಗಿತ್ತು. ಆದರೆ ಕಾಕಾನ ಕೈ ಬೇಕಿತ್ತು. ಗಣಿಯವರ ಸೊಂಟ, ಅಧಿಕಾರಿಗಳ ಮೊಣಕಾಲು, ಪೊಲೀಸರ ಹೆಗಲು ಎಂದು ಅವನನ್ನು ಕಾರಿನಲ್ಲಿ ಕರೆದೊಯ್ದು ಕಾರಿನಲ್ಲಿ ತಂದುಬಿಡುತ್ತಿದ್ದರು. ಎಲ್ಲರಂತೆ ಅವನೂ ಒಂದು ಹಳೆಯ ಟಿಪ್ಪರ್ ಕೊಂಡು ಅದಿರು ಸಾಗಿಸಲು ಬಿಟ್ಟಿದ್ದ.

ಬಳ್ಳಾರಿಯಲ್ಲಿ ಕೆಲಸ ಕಡಿಮೆಯಾದಾಗ ನನ್ನ ತಮ್ಮ ಹತ್ತಿ ಹಿಂಜುವ ಯಂತ್ರವನ್ನು ಸಣ್ಣ ಗಾಡಿಗೆ ಹೇರಿಕೊಂಡು ಸಿರುಗುಪ್ಪದ ಕಡೆ ಹೋಗತೊಡಗಿದ. ಭತ್ತ ಮಾರಿ ಕೈಯಲ್ಲಿ ನಾಲ್ಕು ಕಾಸಿದ್ದ ದಿನಗಳಲ್ಲಿ ದೇಶನೂರಿನಂಥ ಊರುಗಳಲ್ಲಿ ಹಳೆಯ ಗಾದಿಗಳನ್ನು ಅಂಗಳಕ್ಕೆ ತಂದು ಹಾಕಿ ಹೊಸದಾಗಿ ಹೊಲಿಸುತ್ತಿದ್ದರು. ಶುಕ್ರವಾರ ಸಿರುಗುಪ್ಪದಲ್ಲಿ ನಮಾಜಿಗೆ ನಿಂತು, ಅಲ್ಲಿ ಯಾರೋ ಹೇಳುವ ಮಾತು ಕೇಳಿಕೊಂಡು ಬರುತ್ತಿದ್ದ. ಗಡ್ಡ ಬಿಟ್ಟ. ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಬರುವುದಿಲ್ಲ, ಪೀರಲ ದೇವರಿಗೆ ಕೈಮುಗಿಯುವುದು ಧರ್ಮವಲ್ಲ ಎಂದ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಪೀರು ಹೊರುತ್ತಿದ್ದವನು ಕಾಕಾ.

“ಏನಲೇ ಮೌಲ್ವಿ, ಗಡ್ಡದಾಗ ಹತ್ತಿ ಸಿಕ್ಕೊಂಡೈತಿ. ಹಿಂಜಿ ಕೊಡ್ಲೇನು?”

“ಮೊದ್ಲು ನಿನ್ನ ಮೀಸಿ ಹಿಂಡ್ಕೊ ಕಾಕಾ, ಎಣ್ಣಿ ಸೋರಾಕ ಹತ್ತೈತಿ.”

ಇಬ್ಬರೂ ನಕ್ಕಿದ್ದರು. ನಕ್ಕಿದ್ದರು ಎಂದು ನಾನು ಬರೆಯುತ್ತಿದ್ದೇನೆ. ಆಮೇಲೆ ಆದದ್ದನ್ನು ನೋಡಿದರೆ, ಕಾಕಾ ನಗಲಿಲ್ಲವೇನೋ ಎಂದೂ ಅನ್ನಿಸುತ್ತದೆ.

ಒಂದು ಮಧ್ಯಾಹ್ನ ದೇಶನೂರಿನ ಗಿರಾಕಿಯೊಬ್ಬರು ಅಂಗಡಿಗೆ ಫೋನು ಮಾಡಿ, ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನಿಮ್ಮ ಹುಡುಗನನ್ನು ಪೊಲೀಸರು ಜೀಪಿಗೆ ಹತ್ತಿಸಿಕೊಂಡು ಹೋದರು ಎಂದರು. ಅಪ್ಪ ಮತ್ತು ನಾನು ಠಾಣೆಯಿಂದ ಠಾಣೆಗೆ ಅಲೆದೆವು. ಎಲ್ಲ ಕಡೆಯೂ ಇಲ್ಲ ಎಂದರು. ಒಂದು ಕಡೆ ಮೇಜಿನ ಹಿಂದಿದ್ದವರು, “ಎಂ.ಎ. ಓದೀಯಂತಲ್ಲಮ್ಮ, ತಮ್ಮ ಯಾವ ಪಾರ್ಟಿಯಾಗ ಅದಾನಂತ ಗೊತ್ತಾಗಲಿಲ್ಲೇನು?” ಎಂದು ಕೇಳಿ ಚಹಾ ಕುಡಿಯುತ್ತ ಕೂತರು.

ಕಾಕಾ ಬಂದ. “ಅಳಬ್ಯಾಡ ವೈನಿ. ಪೊಲೀಸ್ರೆಲ್ಲ ನನ್ನ ಕೈಯಾಗ ಮೈ ಕೊಟ್ಟೋರು. ನಾ ಕೇಳ್ತೀನಿ” ಎಂದು ಅವ್ವನಿಗೆ ಹೇಳಿ ಹೋದ. ತಿರುಗಿ ಬಂದವನು ರೊಟ್ಟಿ ಉಂಡು ಕೈ ತೊಳೆದುಕೊಂಡು, “ಇಲ್ಲೆ ಯಾವ ಠಾಣೆದಾಗೂ ಇಲ್ಲ. ಬೆಂಗಳೂರಿಗೆ ಒಯ್ದಿರಬೇಕು” ಎಂದ. ನಾವು ಬಳ್ಳಾರಿಯಲ್ಲಿ ಹುಡುಕುವುದನ್ನು ನಿಲ್ಲಿಸಿದೆವು. ಅಪ್ಪ ಬೆಂಗಳೂರಿಗೆ ಹೋಗಿ ಬರಿಗೈಯಲ್ಲಿ ಬಂದ.

ಕಾಕಾ ಹಾಗೆ ಹೇಳಿದ್ದು ನನ್ನ ತಮ್ಮನನ್ನು ಕಾಣುವ ಮೊದಲೋ ಕಂಡಮೇಲೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊದಲಾದರೆ ಅದು ಸುಳ್ಳಲ್ಲ. ನಾನು ಬಹಳ ಸಲ ದಿನಗಳನ್ನು ಹಿಂದೆ ಮುಂದೆ ಜೋಡಿಸಿ ನೋಡಿದ್ದೇನೆ. ಪ್ರತಿ ಸಲವೂ ಬೇರೆ ಬೇರೆಯಾಗಿ ಕೂಡುತ್ತವೆ.

ಆಮೇಲೆ ವಕೀಲರೊಬ್ಬರಿಂದ ಸುದ್ದಿ ಬಂತು, ಇವತ್ತು ಕೋರ್ಟಿಗೆ ತರುತ್ತಾರೆ ಎಂದು. ನಿಷೇಧಿತ ಧಾರ್ಮಿಕ ಸಂಘಟನೆಗೆ ಸೇರಿದವರು ಎಂಬ ಆರೋಪದ ಮೇಲೆ ಮೂವರನ್ನು ತಂದಿದ್ದರು. ತಮ್ಮ ನಡೆದೇ ಬಂದ. ಕಾಯ್ದ ಹೆಂಚಿನ ಮೇಲೆ ಹೆಜ್ಜೆ ಇಡುವವನ ಹಾಗೆ ಹಿಮ್ಮಡಿ ಎತ್ತಿ ಎತ್ತಿ ಇಡುತ್ತಿದ್ದ. “ಲಗೂ ನಡೀಲೇ, ಮದಿವಿ ಮೆರವಣಿಗಿಗೆ ಬಂದಿಯೇನು?” ಎಂದು ಜೊತೆಗಿದ್ದ ಪೇದೆ ಅವನ ಬೆನ್ನಿಗೆ ತಿವಿದ. ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದಾಗ ಇಬ್ಬರಲ್ಲೊಬ್ಬರು, ಅವ್ವನೋ ನಾನೋ, ಬಾಗಿ ಅವನ ಪಾದ ಹಿಡಿದೆವು. ಅವ್ವ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ ಅಪ್ಪನನ್ನು ಕೇಳಿದಳು: “ನಿನ್ನ ತಮ್ಮ ಬಂದಿದ್ನೇನು ಇವನ ಹತ್ರ?”

ಅಪ್ಪ ವಕೀಲರ ಹಿಂದೆ ಕೋರ್ಟಿನೊಳಗೆ ನಡೆದ.

ಠಾಣೆಯಲ್ಲಿ ಪೊಲೀಸರು ತೊಂದರೆ ಕೊಟ್ಟರೇ ಎಂದು ನ್ಯಾಯಾಧೀಶರು ಕೇಳಿದರು. ಕೇಳಬೇಕಾದ ರೀತಿಯಲ್ಲೇ ಕೇಳಿದರು ಎನ್ನಬೇಕು. ತಮ್ಮ ಹೇಳಿದ: “ಕಾಲು ಬೆಂಚಿಗಿ ಕಟ್ಟಿ ಅಂಗಾಲಿಗಿ ಹೊಡದ್ರು ಸಾರ್. ಹೆಸರು ಹೇಳು, ಹೆಸರು ಹೇಳು ಅಂದ್ರು. ನನಗ ಯಾರೂ ಗೊತ್ತಿದ್ದಿಲ್ಲ.” ಪಾದ ತೋರಿಸು ಎಂದರು. ತೋರಿಸಿದ. ಎಣ್ಣೆಯಿಂದ ಮಿರುಗುತ್ತಿದ್ದ ಕೆಂಪು ಪಾದ. ಬಾವು ಇರಲಿಲ್ಲ. ವೈದ್ಯರ ಚೀಟಿಯಲ್ಲೂ ಗಾಯವಿಲ್ಲ ಎಂದೇ ಇತ್ತು. “ಸ್ವಾಮಿ, ತಾನೇ ನಡಕೊಂತ ಬಂದಾನ” ಎಂದರು ಪೊಲೀಸರು. ಅಷ್ಟಕ್ಕೆ ಆ ಮಾತು ಮುಗಿಯಿತು.

ಜೈಲಿನಲ್ಲಿ ಮೊದಲ ಸಲ ಭೇಟಿಯಾದಾಗ ತಮ್ಮ ನನಗೊಬ್ಬಳಿಗೇ ಹೇಳಿದ. ಕೋರ್ಟಿಗೆ ತರುವ ಮುಂಚೆ ಅವನ ಮುಖಕ್ಕೆ ಬಟ್ಟೆ ಕಟ್ಟಿ ಅಂಗಾತ ಮಲಗಿಸಿದರಂತೆ. ಯಾರೋ ಬಂದು ಬಿಸಿ ಉಪ್ಪುನೀರಿನಲ್ಲಿ ಕಾಲು ಅದ್ದಿಸಿ, ಎಣ್ಣೆ ಹಚ್ಚಿ, ಬಾವು ಇಳಿಯುವಂತೆ ಅಂಗಾಲಿನಿಂದ ಮೀನಖಂಡದವರೆಗೆ ತಿಕ್ಕಿದರಂತೆ. “ಕೈಯಿಂದನ ಗೊತ್ತಾತಕ್ಕ. ಕಾಕಾ ಅಂತ ಕರದೆ. ಕೈ ನಿಂತ್ವು. ಮತ್ತ ತಿಕ್ಕಾಕ ಹತ್ತಿದ್ವು.” ವರ್ಷಗಳ ನಂತರ ಮತ್ತೆ ಕೇಳಿದಾಗ, ಕರೆದೆನೋ ಕರೆಯಬೇಕು ಅಂದುಕೊಂಡೆನೋ ಈಗ ಹೇಳಲಾರೆ ಎಂದ. ನಾನು ಮೊದಲನೆಯದನ್ನೇ ಬರೆದಿದ್ದೇನೆ. ಅದೇ ನಿಜವೆಂದು ನಂಬಿದ್ದಕ್ಕೋ, ಅದೇ ನನಗೆ ಬೇಕಾಗಿದ್ದಕ್ಕೋ.

ಹೊರಗೆ, ಒಳಗಾದದ್ದಕ್ಕಿಂತ ಹೆಚ್ಚು ನೋಯಿಸುವಂಥದ್ದೊಂದು ಶುರುವಾಯಿತು. ನಮ್ಮವರೇ ಅವನನ್ನು ನಂಬಲಿಲ್ಲ. “ಹೊಡದಿದ್ರ ಹಂಗ ನಡೀತಿದ್ನೇನು?” ಎಂದು ಮದುವೆಯೊಂದರಲ್ಲಿ ಹತ್ತಿರದ ಸಂಬಂಧಿಯೊಬ್ಬಳು ಅವ್ವನ ಎದುರೇ ಅಂದಳು. ಪೆಟ್ಟು ಸುಳ್ಳಾದರೆ ಉಳಿದದ್ದೂ ಸುಳ್ಳಿರಬೇಕು, ಅಂದರೆ ಅವನು ಆ ಗುಂಪಿನವನೇ ಇರಬೇಕು. ಬಹಳ ಕಾಲದ ಮೇಲೆ ಸಾಕ್ಷಿಯಿಲ್ಲವೆಂದು ಕೇಸು ಬಿದ್ದುಹೋಯಿತು, ಅವನು ಹೊರಬಂದ. ಆ ಮಾತು ಮಾತ್ರ ಬೀಳಲಿಲ್ಲ. ಇಂದಿಗೂ ಅವನು ಯಂತ್ರದ ಮುಂದೆ ಬಹಳ ಹೊತ್ತು ನಿಲ್ಲಲಾರ. ನಿಲ್ಲಲಾರದ್ದನ್ನು ಸೋಮಾರಿತನ ಅನ್ನುವವರು ಇದ್ದಾರೆ.

ಅವನಿನ್ನೂ ಜೈಲಿನಲ್ಲಿದ್ದಾಗ ವಕೀಲರು ಹೇಳಿದ್ದರು: “ಚೀಟಿ ಒಂದು ಕಡೆ, ಹುಡುಗನ ಮಾತು ಒಂದು ಕಡೆ. ಕಾಲು ತಿಕ್ಕಿದ ಮನುಷ್ಯ ಬಂದು ಬಾವು ಇತ್ತು ಅಂದ್ರ ಸಾಕಮ್ಮ. ಪೊಲೀಸ್ರ ಮೇಲಿನ ದೂರು ನಿಲ್ತೈತಿ.” ಅಪ್ಪ ಕಾಕಾನ ಹತ್ತಿರ ತಾನು ಹೋಗುವುದಿಲ್ಲ ಎಂದ. “ಅವ ನನ್ನ ಒಡಹುಟ್ಟಿದಾಂವ. ನಾ ಹೋಗಿ ಕೇಳಿದಾಗ ಅವ ಹೌದು ಅಂದ್ರ, ನಾ ಏನು ಮಾಡ್ಲಿ?”

ನಾನು ಕುರುಗೋಡಿನ ಬಸ್ಸು ಹತ್ತಿದೆ. ಕಾಕಾನ ಟಿಪ್ಪರ್ ಮನೆಯ ಮುಂದೆ ನಿಂತಿತ್ತು. ಅದನ್ನು ಪರ್ಮಿಟ್ ಇಲ್ಲವೆಂದು ಪೊಲೀಸರು ಹಿಡಿದಿಟ್ಟಿದ್ದರು, ತಮ್ಮನನ್ನು ಕೋರ್ಟಿಗೆ ತಂದ ದಿನಗಳಲ್ಲೇ ಬಿಟ್ಟಿದ್ದರು. ಎರಡಕ್ಕೂ ಸಂಬಂಧವಿದೆ ಎಂದು ನನಗೆ ಯಾರೂ ಹೇಳಿಲ್ಲ. ಸಂಬಂಧ ಹಚ್ಚಿದವಳು ನಾನು.

ಕಾಕಾ ಕಟ್ಟೆಯ ಮೇಲೆ ರೈತನೊಬ್ಬನ ಹೆಗಲು ತಿಕ್ಕುತ್ತಿದ್ದ. “ಬಾರವ್ವ ಪ್ರೊಫೆಸರಮ್ಮ! ಓದಿ ಓದಿ ಕುತ್ತಿಗಿ ಹಿಡಕೊಂತೇನು?” ಎಂದ. ರೈತನೂ ನಕ್ಕ. ಕಾಕಾ ಚಹಾ ತರಿಸಿದ. ರೈತ ಎದ್ದು ಹೋಗುವತನಕ ನಾನು ಕಾದೆ.

“ಕಾಕಾ, ನೀ ಠಾಣೆಗಿ ಹೋಗಿದ್ದೇನು?”

“ಹತ್ತು ಕಡಿ ಹೋಗ್ತೀನವ್ವ. ಪೊಲೀಸ್ರಿಗೂ ಸೊಂಟ ಇರ್ತೈತಿ.”

“ಅವ್ವ ವಾಸನಿ ಹಿಡದಾಳ.”

ಅವನು ಎಣ್ಣೆಯ ಬಟ್ಟಲನ್ನು ದೂರ ಸರಿಸಿದ. “ಬಾ ಅಂದ್ರ ಹೋಗ್ತೀನಿ, ತಿಕ್ಕು ಅಂದ್ರ ತಿಕ್ತೀನಿ. ಮುಖಕ್ಕ ಬಟ್ಟಿ ಕಟ್ಟಿದ್ರ ಒಳಗ ಯಾರಂತ ನಾ ಹೆಂಗ ಹೇಳ್ಲಿ? ನಾ ತಿಕ್ಕಲಿಲ್ಲಂದ್ರ ಆ ಮನಿಶಾ ನಡೀತಿದ್ದಿಲ್ಲ, ಅಷ್ಟು ತಿಳ್ಕೊ” ಎಂದ.

ಯಾಕೆ ಹೋದೆ, ನಮಗೆ ಯಾಕೆ ಹೇಳಲಿಲ್ಲ, ತಮ್ಮ ಕರೆದದ್ದು ಕೇಳಿಸಿತೇ ಎಂದೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಒಂದನ್ನೂ ಕೇಳಲಾಗಲಿಲ್ಲ. ಅವುಗಳಿಗೆಲ್ಲ ಅವನು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ವಕೀಲರಿಗೆ ಬೇಕಾಗಿದ್ದ, ಹೌದು ಅಥವಾ ಇಲ್ಲ ಎನ್ನಲೇಬೇಕಾದ್ದೊಂದನ್ನು ಕೇಳಿದೆ.

“ಯಾರದರ ಇರ್ಲಿ ಕಾಕಾ. ಆ ಕಾಲಿಗಿ ಬಾವು ಇತ್ತೋ ಇಲ್ಲೋ?”