ಪತ್ರೊಡೆ ಅಂದವರ ಜೊತೆ ಹೋಗು

ಮಾಸ್ಕ್ ಹಾಕಿಕೊಂಡರೆ ಎಲ್ಲ ಅಪ್ಪಂದಿರೂ ಒಂದೇ ಥರ ಕಾಣುತ್ತಾರೆ ಅನ್ನೋದು ಮಲೇಷ್ಯಾದ ನಿಲಾಯ್‌ನಲ್ಲಿ ನಮ್ಮ ಮಗಳು ಹೋಗುತ್ತಿದ್ದ ಪ್ರೈಮರಿ ಸ್ಕೂಲಿನವರಿಗೆ ತಡವಾಗಿ ಹೊಳೆಯಿತು. ಕೊರೋನಾ ಅಂತ ಹಾಕಿದ್ದ ಬೀಗ ತೆಗೆದು ಮಕ್ಕಳನ್ನು ಮತ್ತೆ ಕ್ಲಾಸಿಗೆ ಕರೆದ ಹೊಸತು. ಗೇಟಿನಲ್ಲಿ ಹಣೆಗೆ ಗನ್ ಹಿಡಿದು ಜ್ವರ ನೋಡುವವರು ಒಬ್ಬರು, ಕೈಗೆ ಸ್ಯಾನಿಟೈಸರ್ ಸುರಿಯುವವರು ಇನ್ನೊಬ್ಬರು. ಹೆತ್ತವರು ಒಳಗೆ ಕಾಲಿಡುವ ಹಾಗಿಲ್ಲ. ಮಗುವನ್ನು ಕರೆದೊಯ್ಯಲು ಬಂದವರದು ಎರಡು ಕಣ್ಣು ಬಿಟ್ಟರೆ ಏನೂ ಕಾಣುವುದಿಲ್ಲ, ಅಪ್ಪನೋ ದಾರಿಹೋಕನೋ ಯಾರು ಕಂಡರು? ಅದಕ್ಕೇ ಒಂದು ನಿಯಮ ಬಂತು. ಪ್ರತಿ ಮನೆಗೂ ಒಂದು ಗುಟ್ಟಿನ ಪದ. ಬಂದವರು ಅದನ್ನು ಗೇಟಿನ ಟೀಚರಿಗೆ ಹೇಳಬೇಕು, ಮಗು ಹೌದು ಅಂತ ತಲೆಯಾಡಿಸಬೇಕು, ಆಮೇಲೆ ಗೇಟು.

ನಿಯಮ ಚೆನ್ನಾಗಿಯೇ ಇತ್ತು. ಮಾಡಿದವರಿಗೆ ನಮ್ಮ ಜನ ಗೊತ್ತಿರಲಿಲ್ಲ, ಅಷ್ಟೇ.

ನನ್ನ ಗಂಡ ಅಲ್ಲೇ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದರು. ತನಗೆ ಗೊತ್ತಿರುವುದನ್ನು ಹತ್ತು ಜನರಿಗೆ ಹೇಳದಿದ್ದರೆ ಈ ಮನುಷ್ಯನಿಗೆ ಹೊಟ್ಟೆ ಉಬ್ಬರಿಸುತ್ತದೆ. ಇಂಗ್ಲಿಷ್ ಪದ ಬೇಡ, ಮಲಯ್ ಬೇಡವೇ ಬೇಡ, ತಮಿಳಂತೂ ಪಕ್ಕದ ಮನೆಯವರಿಗೆಲ್ಲ ಬರುತ್ತದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ‘ಪತ್ರೊಡೆ’ ಅಂತ ಆರಿಸಿದರು. ಕೆಸುವಿನ ಎಲೆಗೆ ಹಿಟ್ಟು ಬಳಿದು, ಸುತ್ತಿ, ಹಬೆಯಲ್ಲಿ ಬೇಯಿಸುವ ನಮ್ಮ ಮಂಗಳೂರು ಕಡೆಯ ಪತ್ರೊಡೆ. ಈ ದೇಶದ ಯಾವ ಕಳ್ಳನ ಬಾಯಿಗೆ ಬರುತ್ತೆ ಹೇಳು ಅಂತ ನನ್ನನ್ನೇ ಕೇಳಿದರು. ನನಗೂ ಹಿಡಿಸಿತು. ಸೋಫಾವನ್ನೇ ಗೇಟು ಮಾಡಿ ಮಗಳಿಗೆ ಅಭ್ಯಾಸವೂ ಆಯಿತು. ಪತ್ರೊಡೆ ಅಂದವರ ಜೊತೆ ಹೋಗು, ಅನ್ನದಿದ್ದರೆ ದೇವರೇ ಬಂದು ಕರೆದರೂ ಹೋಗಬೇಡ. ಎರಡನೇ ಕ್ಲಾಸಿನ ಹುಡುಗಿ, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಓಕೆ ಅಂದಳು.

ಮಾರನೇ ದಿನ ನೋಡುತ್ತೇನೆ, ಯಜಮಾನರು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟಿದ್ದಾರೆ. ‘ನಮ್ಮ ಮಗಳ ಸ್ಕೂಲಿನ ಸೀಕ್ರೆಟ್ ಪದ ಪತ್ರೊಡೆ, ಹೇಗಿದೆ?’ ಹೇಗಿದೆ ಅಂತೆ. ಮೆಲಾಕಾದಿಂದ ಒಬ್ಬರು ಡಾಕ್ಟರು ಸೂಪರ್ ಅಂದರು. ಹುಬ್ಬಳ್ಳಿ ಕಡೆಯ ಎಂಜಿನಿಯರ್ ಒಬ್ಬರು ಪತ್ರೊಡೆ ಅಂದ್ರ ಏನ್ರೀ ಅಂದರು. ಅವರಿಗೆ ವಿವರಿಸಲು ಫೋಟೋ ಬಂತು, ರೆಸಿಪಿ ಬಂತು, ಹುಳಿ ಹೆಚ್ಚು ಹಾಕದಿದ್ದರೆ ಗಂಟಲು ತುರಿಸುತ್ತದೆ ಅಂತ ಜಗಳವೂ ಬಂತು. ತಾವೇನು ಕಡಿಮೆ ಅಂತ ಎಂಜಿನಿಯರು ತಮ್ಮ ಮಗನ ಪದ ಗಿರ್ಮಿಟ್ ಅಂತ ಬಾಯಿ ಬಿಟ್ಟರು. ಸಂಜೆಯ ಹೊತ್ತಿಗೆ ಗುಂಪಿನ ಅಷ್ಟೂ ಮಕ್ಕಳ ಗುಟ್ಟು ರಟ್ಟಾಗಿ, ಓದಿದವರಿಗೆಲ್ಲ ಹಸಿವಾಗಿತ್ತು. ಪದ ಬದಲಾಯಿಸಿ ಅಂತ ನಾನು ಹಾರಾಡಿದೆ. ‘ಎಲ್ಲ ನಮ್ಮವರೇ ಅಲ್ವಾ’ ಅಂದರು. ಈ ಒಂದು ಮಾತಿಗೆ ನಮ್ಮಲ್ಲಿ ಎದುರು ಮಾತೇ ಇಲ್ಲ.

ಆ ನಮ್ಮವರಲ್ಲಿ ಒಬ್ಬರು ಅಂಕಲ್. ಏರ್‌ಪೋರ್ಟ್ ಕಡೆಯ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆ, ವಯಸ್ಸಿನಲ್ಲಿ ನಮಗೂ ಅಂಕಲ್ಲೇ. ಎಲ್ಲರೂ ಮನೆಯೊಳಗೆ ಕೂತಿದ್ದಾಗ ಅಕ್ಕಿ ತರಕಾರಿ ಮನೆ ಬಾಗಿಲಿಗೆ ಇಟ್ಟು ಹೋದವರು. ಕೇಳಿದರೂ ಸಹಾಯ, ಕೇಳದಿದ್ದರೂ ಸಹಾಯ. ಮಕ್ಕಳ ಕೆನ್ನೆ ಹಿಂಡುವುದು ಅವರ ಚಟ. ಮಗಳು ಅವರನ್ನು ಕಂಡರೆ ನನ್ನ ಚೂಡಿದಾರದ ಹಿಂದೆ ಸೇರಿಕೊಳ್ಳುತ್ತಿದ್ದಳು. ನಾಚಿಕೆ ಅಂತ ಎಲ್ಲರೂ ನಗುತ್ತಿದ್ದರು.

ಒಂದು ಮಧ್ಯಾಹ್ನ ಪುತ್ರಜಯಾದ ಆಫೀಸಿನಿಂದ ಹೊರಟ ನಾನು ಹೈವೇಯಲ್ಲಿ ಸಿಕ್ಕಿಹಾಕಿಕೊಂಡೆ. ಮುಂದೆಲ್ಲೋ ಲಾರಿ ಮಗುಚಿತ್ತು. ಸ್ಕೂಲಿನ ಆಫೀಸಿಗೆ ಫೋನ್ ಮಾಡಿ, ಮಗುವನ್ನು ಒಳಗೇ ಕೂರಿಸಿಕೊಂಡಿರಲಿ ಅನ್ನಿ ಅಂತ ಗಂಡನಿಗೆ ಹೇಳಿದೆ. ಸ್ಕೂಲಿನ ಲೈನು ಬಿಜಿ ಬಂತಂತೆ. ಇವರ ಕ್ಲಾಸಿಗೆ ಹೊತ್ತಾಗಿತ್ತಂತೆ. ಪುಣ್ಯಾತ್ಮ, ಮಗಳನ್ನು ಯಾರಾದರೂ ಕರೆತರ್ತೀರಾ ಅಂತ ಗುಂಪಿನಲ್ಲಿ ಒಂದು ಸಾಲು ಹಾಕಿ, ಫೋನ್ ಸೈಲೆಂಟ್ ಮಾಡಿ ಪಾಠಕ್ಕೆ ನಿಂತರು.

ನಾನು ಗೇಟು ಮುಟ್ಟಿದಾಗ ಟೀಚರು, ಮಗು ಆಗಲೇ ಹೋದಳಲ್ಲ, ಒಬ್ಬರು ಅಂಕಲ್ ಬಂದಿದ್ದರು, ಪದ ಸರಿಯಾಗಿಯೇ ಹೇಳಿದರು, ಅವಳು ತಲೆಯಾಡಿಸಿದಳು ಅಂದರು. ಯಾವ ಅಂಕಲ್ ಅಂದರೆ ಅವರಿಗೇನು ಗೊತ್ತು, ನೀಲಿ ಮಾಸ್ಕ್ ಅಂದರು. ಊರಿನಲ್ಲಿ ಇರುವವರೆಲ್ಲ ನೀಲಿ ಮಾಸ್ಕೇ. ಗಂಡನಿಗೆ ಫೋನ್, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಆ ಪದ ಗೊತ್ತಿದ್ದವರು ಯಾರೆಲ್ಲ ಅಂತ ಯೋಚಿಸಿದರೆ ಗುಂಪು, ಗುಂಪಿನವರ ಹೆಂಡತಿಯರು, ಅವರಿಂದ ರೆಸಿಪಿ ಕೇಳಿದವರು. ಗೇಟಿನ ಕಂಬಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತೆ.

ಅಷ್ಟರಲ್ಲಿ ಫೋನ್ ಟಿಂಗ್ ಅಂತು. ಗುಂಪಿನಲ್ಲಿ ಫೋಟೋ. ನಾವೂ ಹೋಗುವ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಸ್ಟೀಲ್ ಟೇಬಲ್, ಪರೋಟದಂಥ ರೋಟಿ ಚನಾಯ್, ಅದರ ಹಿಂದೆ ನನ್ನ ಮಗಳು, ಪಕ್ಕದಲ್ಲಿ ಹಲ್ಲು ಕಿರಿಯುತ್ತಿರುವ ಅಂಕಲ್. ‘ಮಗು ಸೇಫ್. ಪತ್ರೊಡೆ ಸಿಗಲಿಲ್ಲ, ರೋಟಿ ಸಿಕ್ಕಿತು.’ ಕೆಳಗೆ ಹೆಬ್ಬೆರಳುಗಳ ಜಾತ್ರೆ.

ಹೋಟೆಲಿಗೆ ಹೇಗೆ ಕಾರು ಓಡಿಸಿದೆನೋ ಗೊತ್ತಿಲ್ಲ. ಅಂಕಲ್ ಎದ್ದು, ಬಾಮ್ಮಾ, ಟೀ ಕುಡಿ ಅಂದರು. ತಟ್ಟೆಯಲ್ಲಿ ರೋಟಿ ಹಾಗೇ ಇತ್ತು. ಮಗಳು ಒಂದು ತುಂಡೂ ಮುರಿದಿರಲಿಲ್ಲ, ಮಾಸ್ಕನ್ನೂ ತೆಗೆದಿರಲಿಲ್ಲ. ನನ್ನ ಸೊಂಟ ಹಿಡಿದುಕೊಂಡು ತೀರಾ ಸಣ್ಣ ದನಿಯಲ್ಲಿ ಅಂದಳು.

“ಐ ಡಿಡಂಟ್ ವಾಂಟ್ ಟು ಗೋ, ಮಮ್ಮಿ. ಬಟ್ ಹಿ ಸೆಡ್ ಪತ್ರೊಡೆ. ಐ ಥಾಟ್ ಯು ಸೆಂಟ್ ಹಿಮ್.”

ಅವಳನ್ನು ಕಾಯಲಿ ಅಂತ ಕೊಟ್ಟ ಪದವೇ ಅವಳ ಬಾಯಿ ಕಟ್ಟಿತ್ತು. ಬೇಡ ಅನ್ನಿಸಿದರೂ ಅಮ್ಮನೇ ಕಳಿಸಿದ್ದಾಳೆ ಅಂತ ತಲೆಯಾಡಿಸಿ ಕಾರು ಹತ್ತಿದ್ದಾಳೆ ನನ್ನ ಕೂಸು. ಅಂಕಲ್ ಕಡೆ ತಿರುಗಿ, ನನಗೊಂದು ಮಾತು ಹೇಳಬಾರದಿತ್ತಾ ಅಂತ ಕೇಳಿದೆ. ಅಂಕಲ್‌ಗೆ ನಿಜಕ್ಕೂ ನೋವಾಯಿತು, ಪಾಪ.

“ಯಾಕಮ್ಮಾ, ನಾನೇನು ಹೊರಗಿನವನಾ?”

“ಹೊರಗಿನವರಾಗಿದ್ದರೆ ಅವಳು ನಿಮ್ಮ ಜೊತೆ ಬರ್ತಾನೇ ಇರಲಿಲ್ಲ ಅಂಕಲ್.”

ಆಮೇಲೆ ಗುಂಪಿನಲ್ಲಿ ನನಗೆ ಕೊಬ್ಬು ಅಂತ ತೀರ್ಮಾನವಾಯಿತು. ಆಗಲಿ. ಆ ಸಂಜೆ ಗಂಡನಿಗೆ ಊಟಕ್ಕೆ ಮುಂಚೆ ಹೊಟ್ಟೆ ತುಂಬುವಷ್ಟು ಬೈದೆ. ಅಂಕಲ್ ಒಳ್ಳೆಯವರಲ್ವಾ ಅಂದರು. ಒಳ್ಳೆಯವರೇ, ಅದು ನಮ್ಮ ಅದೃಷ್ಟ ಅಂದೆ. ಮಗಳು ಹೊಸ ಪದ ತಾನೇ ಆರಿಸಿದಳು. ನನ್ನ ಕಿವಿಯಲ್ಲಿ ಹೇಳಿದಳು, ಮಾರನೇ ದಿನ ಟೀಚರ ಕಿವಿಯಲ್ಲಿ. ಅಪ್ಪನಿಗೆ ಇಲ್ಲ. ಪಪ್ಪ ಗುಂಪಿನಲ್ಲಿ ಹಾಕಿಬಿಡ್ತಾರೆ ಅಂದಳು. ಅವರು ನಕ್ಕರು.

ಮುಂದಿನ ವಾರ ನನಗೆ ಮೀಟಿಂಗ್ ಇತ್ತು, ಅವರೇ ಕರೆತರಲು ಹೋದರು. ಟೀಚರು ಪದ ಕೇಳಿದರು. ನಾನು ಅಪ್ಪ ಅಂದರು. ಪದ ಹೇಳಿ ಸಾರ್ ಅಂದರು. ಮಾಸ್ಕ್ ಇಳಿಸಿ ಮುಖ ತೋರಿಸಿ ಬೈಸಿಕೊಂಡರು. ಕಂಬಿಯ ಆಚೆ ಮಗಳು ಬ್ಯಾಗ್ ಹಾಕಿಕೊಂಡು ನಿಂತು ಅಪ್ಪನನ್ನೇ ನೋಡುತ್ತಿದ್ದಳಂತೆ, ತಲೆ ಮಾತ್ರ ಆಡಿಸಲಿಲ್ಲವಂತೆ. ನನಗೆ ಫೋನ್ ಬಂತು. ಅವಳನ್ನೇ ಕೇಳಿ ಅಂತ ಇಟ್ಟುಬಿಟ್ಟೆ.

ಆ ಸುಡುಬಿಸಿಲಿನಲ್ಲಿ ಪ್ರೊಫೆಸರರು ಫೋನ್ ತೆಗೆದು, ಗುಂಪು ತೆರೆದು, ಕಂಬಿಯ ಸಂದಿಯಲ್ಲಿ ಮಗಳ ಕೈಗೆ ಕೊಟ್ಟರು. ಯಾವುದನ್ನು ಒತ್ತಿದರೆ ಗುಂಪಿನಿಂದ ಹೊರಗೆ ಅನ್ನೋದು ಈಗಿನ ಮಕ್ಕಳಿಗೆ ಹೇಳಿಕೊಡಬೇಕೆ? ಒತ್ತಿದಳು. ಫೋನ್ ವಾಪಸ್ ಕೊಟ್ಟು, ಬಗ್ಗಿ ಅಂತ ಸನ್ನೆ ಮಾಡಿ, ಅಪ್ಪನ ಕಿವಿಯಲ್ಲಿ ಪದ ಹೇಳಿದಳು.

ಅದು ಯಾವ ಪದ ಅಂತ ನಾನು ಇಲ್ಲಿ ಬರೆಯುವುದಿಲ್ಲ. ನಮ್ಮವರೂ ಇದನ್ನು ಓದುತ್ತಾರೆ.